ಮದ್ದು ಹಿಡಿಯುವ ವಯಸ್ಸು

ಬಸ್ಸು ಸವದತ್ತಿ ಬಿಟ್ಟಾಗಿನಿಂದ ಫರೀನ್ ತನ್ನ ವಯಸ್ಸನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಹತ್ತೊಂಬತ್ತು. ತುಟಿ ಅಲ್ಲಾಡುತ್ತಿರಲಿಲ್ಲ, ನಾಲಿಗೆಯ ತುದಿ ಮಾತ್ರ ಹಲ್ಲಿಗೆ ತಾಗಿ ಬಿಡುತ್ತಿತ್ತು. ಕಿಟಕಿಯ ಹೊರಗೆ ಎರಿಭೂಮಿ ಹಸಿಯಾಗಿ ಕಪ್ಪಗೆ ಮಲಗಿತ್ತು, ಹತ್ತಿಯ ಸಾಲುಗಳು ಒಂದೊಂದೇ ಬಾಯಿ ತೆರೆದು ಮುಚ್ಚಿದ ಹಾಗೆ ಹಿಂದೆ ಸರಿಯುತ್ತಿದ್ದವು. ಪಕ್ಕದಲ್ಲಿ ಅಬ್ಬಾ ಕಿಟಕಿಯ ಸರಳಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ನಿದ್ದೆಯಲ್ಲ, ಕಣ್ಣಿಗೆ ಪೊರೆ ಬಂದ ಮೇಲೆ ಬೆಳಕು ಅವನಿಗೆ ಚುಚ್ಚುತ್ತಿತ್ತು. ತೊಡೆಯ ಮೇಲಿದ್ದ ಅವನ ಬಲಗೈ ಬಸ್ಸಿನ ಅದುರಿಗೆ ಹೊಂದದ ಬೇರೆಯೇ ಒಂದು ಅದುರಿನಲ್ಲಿ ಅಲುಗುತ್ತಿತ್ತು. ಹೂಲಿಯ ಅಕ್ಬರಸಾಬನ ಕೈ ಎಂದರೆ ಸುತ್ತಲಿನ ಊರುಗಳಿಗೆಲ್ಲ ಗೊತ್ತಿದ್ದ ಕೈ. ಮದುವೆಯಿರಲಿ, ಚುನಾವಣೆ ಗೆದ್ದವರ ಮೆರವಣಿಗೆಯಿರಲಿ, ಎಲ್ಲಿ ಆಕಾಶಕ್ಕೆ ಮದ್ದು ಹಾರಿಸಬೇಕೋ ಅಲ್ಲಿ ಆ ಕೈಯೇ ಬತ್ತಿಗೆ ಬೆಂಕಿ ತಾಗಿಸಬೇಕು. ಈಗ ಕೆಲವು ವರ್ಷಗಳಿಂದ ಬತ್ತಿ ಹಚ್ಚುತ್ತಿದ್ದವಳು ಫರೀನ್. ಅಬ್ಬಾ ಹೆಗಲಿಗೆ ಟಾವೆಲ್ಲು ಹಾಕಿಕೊಂಡು ಮುಂದೆ ನಿಲ್ಲುತ್ತಿದ್ದ, ಅವಳು ಬಿದಿರಿನ ಚೌಕಟ್ಟುಗಳ ಹಿಂದೆ ಬಗ್ಗಿ ಓಡಾಡುತ್ತಿದ್ದಳು, ಜನ ತಲೆಯೆತ್ತಿ ಮೇಲೆ ನೋಡುತ್ತಿದ್ದರು. ಕೆಳಗೆ ಯಾರಿದ್ದಾರೆಂದು ಯಾರೂ ನೋಡುತ್ತಿರಲಿಲ್ಲ. ಅದು ಅವಳಿಗೆ ಎಷ್ಟೋ ದಿನ ಹಿತವಾಗಿಯೇ ಇತ್ತು.

ಈ ವರ್ಷ ಕಿತ್ತೂರು ಉತ್ಸವದವರು ಕರೆದಾಗ ಮಾತ್ರ ಹಾಗೆ ನಡೆಯಲಿಲ್ಲ. ಬೆಂಕಿ ಹಚ್ಚುವವರು ಯಾರೋ ಅವರ ಹೆಸರಿನಲ್ಲೇ ಪರವಾನಗಿ ಆಗಬೇಕು, ಅವರಿಗೆ ಹದಿನೆಂಟು ತುಂಬಿರಬೇಕು, ಬೈಲಹೊಂಗಲದ ಕಚೇರಿಯಲ್ಲಿ ಸಾಹೇಬರು ಎದುರಿಗೆ ನಿಲ್ಲಿಸಿಕೊಂಡು ವಿಚಾರಿಸುತ್ತಾರೆ ಅಂದರು. ಹದಿನೆಂಟು ಅವಳಿಗೆ ತೊಡಕಿನ ಸಂಖ್ಯೆಯೇ ಅಲ್ಲ. ಅವಳಿಗೆ ಇಪ್ಪತ್ತಾರು. ಆದರೆ ಬೇಸಿಗೆಯಿಂದ ಅವಳಿಗೆ ಹತ್ತೊಂಬತ್ತು ಆಗಿತ್ತು, ಮತ್ತು ಆ ಹತ್ತೊಂಬತ್ತನ್ನು ನಂಬಿದವರಲ್ಲಿ ಒಬ್ಬ ಅದೇ ಕಚೇರಿಯ ಜೀಪು ಓಡಿಸುತ್ತಿದ್ದ.

ಹತ್ತೊಂಬತ್ತು ಅಂದವಳು ಖತಿಜಾಬಿ, ಅಬ್ಬಾನ ಅಕ್ಕ. ಸವದತ್ತಿಯಲ್ಲಿ ಬಳೆ ಮಾರುತ್ತಿದ್ದ ಫುಪ್ಪುವಿಗೆ ಹತ್ತು ಮನೆಗಳ ಅಡುಗೆಮನೆಯವರೆಗೂ ದಾರಿಯಿತ್ತು. ರಾಮದುರ್ಗದ ಹುಡುಗನನ್ನು ಅವಳೇ ಹುಡುಕಿ ತಂದಿದ್ದಳು. ತೌಸೀಫ್, ವೆಲ್ಡಿಂಗ್ ಅಂಗಡಿ ಇಟ್ಟವನು, ವಯಸ್ಸು ಇಪ್ಪತ್ಮೂರು. ಹುಡುಗಿ ಹುಡುಗನಿಗಿಂತ ದೊಡ್ಡವಳೆಂದರೆ ಯಾರು ಬರುತ್ತಾರೆ? ಫರೀನ್ ಗಿಡ್ಡಗೆ, ಸಣಕಲಾಗಿ, ಹದಿನಾರರ ಹುಡುಗಿಯ ಹಾಗೆ ಕಾಣುತ್ತಿದ್ದುದರಿಂದ ಫುಪ್ಪುವಿಗೆ ಸುಳ್ಳು ಅನ್ನಿಸಲೇ ಇಲ್ಲ. ಹೆಣ್ಣು ನೋಡಲು ಬಂದ ದಿನ ಹೆಂಗಸರು ಚಾಪೆಯ ಮೇಲೆ ಕೂತು ಚಹ ಕುಡಿಯುತ್ತ ಅದೂ ಇದೂ ಕೇಳಿದರು. ತೌಸೀಫನ ತಾಯಿ ಒಳ್ಳೆಯ ದನಿಯಲ್ಲೇ, ಅವ್ವ ತೀರಿಕೊಂಡಾಗ ನೀನು ಎಷ್ಟರವಳಿದ್ದೆ ಎಂದು ಕೇಳಿದಳು. ಫರೀನ್ ಬಾಯಿ ತೆರೆಯುವ ಮೊದಲೇ ಫುಪ್ಪು, ಅಯ್ಯ, ಆಗ ಇದು ಕೂಸರೀ, ಅವ್ವನ ಮುಖ ಸೈತ ನೆನಪಿಲ್ಲ ಇದಕ್ಕ ಅಂದುಬಿಟ್ಟಳು. ಲೆಕ್ಕ ಸರಿಹೋಗಬೇಕಲ್ಲ. ಫರೀನ್ ತಲೆ ಬಗ್ಗಿಸಿ ಚಾಪೆಯ ಕಡ್ಡಿ ನೋಡುತ್ತಿದ್ದಳು. ಅವಳಿಗೆ ನೆನಪಿದ್ದದ್ದು ಮುಖ ಮಾತ್ರವಲ್ಲ. ಕಾಮಾಲೆಗೆ ಹಳದಿಯಾದ ಕಣ್ಣು, ಕಾಗದದ ನಳಿಗೆ ಸುತ್ತುವಾಗ ಎಡಗಡೆಗೆ ತುಸು ಕಚ್ಚಿಕೊಳ್ಳುವ ತುಟಿ, ಗಂಧಕದ ವಾಸನೆ ಬಿಡದ ಸೆರಗು, ಮಲಗಿದಲ್ಲಿಂದಲೇ ‘ಬಿಗಿ ಸುತ್ತು, ಬಿಗಿ’ ಅಂದ ಕೊನೆಯ ವಾರ. ಸತ್ತಾಗ ಮೈ ತೊಳೆಯಲು ಬಂದ ಹೆಂಗಸರಿಗೆ ನೀರು ಹಿಡಿದು ಕೊಟ್ಟವಳು ಅವಳು. ಆ ಚಾಪೆಯ ಮೇಲೆ, ಕಪ್ಪು-ಬಸಿಗಳ ನಡುವೆ, ಅವಳಿಗೆ ಅವ್ವ ಇರಲೇ ಇಲ್ಲ ಅನ್ನುವ ಹಾಗಾಯಿತು. ಹೌದು ಎಂದು ತಲೆ ಆಡಿಸಿದಳೂ ಕೂಡ. ತಲೆ ಆಡಿಸಿದ್ದನ್ನು ಆಮೇಲೆ ಎಷ್ಟು ಸಲ ನೆನೆದರೂ ಕುತ್ತಿಗೆಯಲ್ಲಿ ಒಂದು ನರ ಹಿಡಿದುಕೊಂಡ ಹಾಗಾಗುತ್ತಿತ್ತು.

ಅವತ್ತು ತೌಸೀಫ್ ಹೆಚ್ಚು ಹೊತ್ತು ಒಳಗೆ ಕೂತಿರಲಿಲ್ಲ. ಹಿತ್ತಲಿಗೆ ಬಂದು ಗೋಡೆಗೆ ಆನಿಸಿಟ್ಟ ಬಿದಿರಿನ ಚಕ್ರವನ್ನು ಮುಟ್ಟಿ ಮುಟ್ಟಿ ನೋಡಿದ್ದ. ಕಿಟಕಿಯ ಒಳಗಿದ್ದ ಅವಳನ್ನು, ಇದು ತಿರಗೂ ಮುಂದ ಬಿದರ ಸುಡೂದಿಲ್ಲೇನ್ರಿ, ಎಂದು ಕೇಳಿದ್ದ. ಹಸಿ ಮಣ್ಣು ಬಳೀತೇವ್ರಿ ಅಂದಿದ್ದಳು. ಅಷ್ಟೇ. ಆದರೆ ಅವನು ಅವಳನ್ನು ಕೇಳಿದ್ದ, ಅಬ್ಬಾನನ್ನಲ್ಲ. ಆ ಒಂದು ಪ್ರಶ್ನೆಯನ್ನು ಅವಳು ಎಷ್ಟೋ ದಿನ ಒಲೆಯ ಮುಂದೆ, ಬಾವಿಯ ಹತ್ತಿರ, ನಳಿಗೆಗೆ ಮದ್ದು ತುಂಬುವಾಗ ಮತ್ತೆ ಮತ್ತೆ ಕೇಳಿಸಿಕೊಂಡಿದ್ದಳು. ಹೊರಡುವ ಮುನ್ನ ಇವತ್ತು ಬೆಳಿಗ್ಗೆ ಫುಪ್ಪು ಬಸ್‌ಸ್ಟ್ಯಾಂಡಿಗೇ ಬಂದು ಕೈಹಿಡಿದು ಹೇಳಿದ್ದಳು: ಅಲ್ಲಿ ಹುಡುಗನ ಚಾಚಾ ಇರತಾನ, ದಾವಲಸಾಬ. ಸಾಹೇಬರು ಕೇಳಿದರ ಹತ್ತೊಂಬತ್ತು ಅನ್ನು. ಹದಿನೆಂಟು ದಾಟಿದರ ಆತಲ್ಲ ಅವರಿಗೆ? ಎರಡೂ ಕಡೆ ಸರಿಹೋಗತೈತಿ. ನಿಜ, ಎರಡೂ ಕಡೆಗೆ ಸರಿಹೋಗುವ ಸಂಖ್ಯೆ ಅದೊಂದೇ ಇತ್ತು. ಬಸ್ಸು ಇಂಚಲದಲ್ಲಿ ನಿಂತು ಹೊರಟಾಗ ಫರೀನ್ ಅದನ್ನು ಮತ್ತೊಮ್ಮೆ ನಾಲಿಗೆಯ ಮೇಲೆ ಇಟ್ಟುಕೊಂಡಳು.

ಕಚೇರಿಯ ಅಂಗಳದಲ್ಲಿ ದಾವಲಸಾಬ ಜೀಪಿನ ಬಾನೆಟ್ಟು ತೆರೆದು ನೀರು ಹಾಕುತ್ತಿದ್ದ. ಅವರನ್ನು ಕಂಡವನೇ ಕೈ ಒರೆಸಿಕೊಂಡು ಬಂದು ಅಬ್ಬಾನ ಎರಡೂ ಕೈ ಹಿಡಿದುಕೊಂಡ, ಅವಳತ್ತ ತಿರುಗಿ, ನಾಷ್ಟಾ ಆತೇನವಾ ಮಗಳ, ಎಂದು ಕೇಳಿದ. ಅವನ ಗಡ್ಡಕ್ಕೆ ಮೆಹಂದಿ ಹಚ್ಚಿ ಕೆಂಪಗಾಗಿತ್ತು, ಕಣ್ಣಿನ ಮೂಲೆಯಲ್ಲಿ ನಗುವಿನ ಗೆರೆಗಳಿದ್ದವು. ನೆರಳಿಗೆ ಬೆಂಚು ತಂದು ಹಾಕಿದ, ಚಹ ತರಿಸಿದ, ಒಳಗೆ ಹೋಗಿ ಗುಮಾಸ್ತ ನಿಜಗುಣಪ್ಪನಿಗೆ ಇವರು ನಮ್ಮವರು, ತಡಾ ಮಾಡಬ್ಯಾಡ್ರಿ ಎಂದು ಹೇಳಿಬಂದ. ನಮ್ಮವರು ಅನ್ನುವ ಮಾತು ಬಾಗಿಲ ಪರದೆ ದಾಟಿ ಅವಳ ಕಿವಿಗೂ ಬಿತ್ತು. ಚಹದ ಲೋಟ ಕೈಯಲ್ಲಿ ಬಿಸಿಯಾಗಿತ್ತು, ಕೆಳಗಿಡಲು ಜಾಗವಿರಲಿಲ್ಲ. ಅವನು ಕೆಟ್ಟವನಾಗಿದ್ದರೆ, ಗತ್ತಿನವನಾಗಿದ್ದರೆ ಎಷ್ಟು ಸುಲಭವಿತ್ತು ಅನ್ನಿಸಿತು ಫರೀನ್‌ಗೆ. ಒಬ್ಬ ಮನುಷ್ಯ ಅಷ್ಟು ಸಲೀಸಾಗಿ ನಂಬಬಾರದು; ನಂಬಿದರೆ ಎದುರಿನವರಿಗೆ ಕೂರಲಾಗುವುದಿಲ್ಲ.

ಸಾಹೇಬರು ಮೈಸೂರು ಕಡೆಯವರು, ಇನ್ನೂ ಎಳೆಯ ಪ್ರಾಯ. ಮೇಜಿನ ಮೇಲೆ ಕೈ ಜೋಡಿಸಿಟ್ಟುಕೊಂಡು ಅವಳನ್ನು ನೋಡಿದರು. ಆ ನೋಟ ಮುಖದಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ ಇಳಿದು ಮತ್ತೆ ಮುಖಕ್ಕೆ ಬಂತು. ವಯಸ್ಸೆಷ್ಟಮ್ಮ ಅಂದರು. ಬಾಗಿಲಲ್ಲಿ ದಾವಲಸಾಬನ ನೆರಳಿತ್ತು. ಹತ್ತೊಂಬತ್ತ್ರಿ ಅಂದಳು. ಎಷ್ಟೆಲ್ಲ ಸಲ ಹೇಳಿಕೊಂಡಿದ್ದ ಮಾತು ಹೊರಗೆ ಬಂದಾಗ ಯಾರದೋ ಕೈಯಿಂದ ಜಾರಿದ ಪಾತ್ರೆಯ ಹಾಗೆ ಕೇಳಿಸಿತು. ಸಾಹೇಬರು ನಂಬಲಿಲ್ಲ. ಅವರಿಗೆ ಅನುಮಾನ ಬಂದದ್ದು ಮಾತ್ರ ಆ ಕಡೆಯಿಂದಲ್ಲ, ಈ ಕಡೆಯಿಂದ. ಈ ಹುಡುಗಿಗೆ ಹದಿನೆಂಟು ಎಲ್ಲಿ ತುಂಬಿದೆ ಅಂದರು. ಶಾಲೆಯ ದಾಖಲೆ ಕೇಳಿದರು. ಅವಳು ಶಾಲೆಗೆ ಹೋದವಳಲ್ಲ, ಓದು ಬರಹ ಅಬ್ಬಾನಿಂದಲೇ ಕಲಿತವಳು. ಹುಟ್ಟಿದ್ದು ಬರೆಸಿದ್ದಾರೆಯೇ ಎಂದು ಕೇಳಿದರು. ಮನೆಯಲ್ಲಿ ಹುಟ್ಟಿದವಳನ್ನು ಯಾರು ಎಲ್ಲಿ ಬರೆಸಬೇಕು? ಸಾಹೇಬರು ಸಿಟ್ಟಾಗದೆ ಅಬ್ಬಾನಿಗೆ ತಿಳಿಹೇಳಿದರು. ಹದಿನೆಂಟು ತುಂಬದವರನ್ನ ಮದ್ದಿನ ಹತ್ತಿರಕ್ಕೂ ಬಿಡೋ ಹಾಗಿಲ್ಲ, ನಾಳೆ ಕೈಯೋ ಕಣ್ಣೋ ಹೋದರೆ ರುಜು ಮಾಡಿದ ನಾನೂ ಹೊಣೆ, ನೀವೂ ಹೊಣೆ. ದವಾಖಾನೆಗೆ ಹೋಗಿ ಎಲುಬಿನ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ, ಎಲುಬು ಸುಳ್ಳು ಹೇಳೋದಿಲ್ಲ. ಅವರು ಅದನ್ನು ಹಗುರವಾಗಿಯೇ ಅಂದಿದ್ದರು. ಫರೀನ್‌ಗೆ ಮೈಯೊಳಗೆ ಯಾರೋ ಎದ್ದು ನಿಂತ ಹಾಗಾಯಿತು.

ದಾವಲಸಾಬನೇ ಜೀಪಿನಲ್ಲಿ ಕರೆದೊಯ್ದ, ಸಾಹೇಬರನ್ನು ಕೇಳಿಕೊಂಡು. ದಾರಿಯುದ್ದಕ್ಕೂ ಅವನಿಗೆ ನಗು. ನಮ್ಮ ಹುಡುಗಿ ಸಣ್ಣಾಕಿ ಕಾಣತಾಳ ನೋಡ್ರಿ, ಛಲೋನ ಆತು ಬಿಡ್ರಿ, ಎಂದು ಅಬ್ಬಾನಿಗೆ ಹೇಳುತ್ತಿದ್ದ. ಅಬ್ಬಾ ಹೂಂಗುಟ್ಟುತ್ತಿದ್ದ. ಫರೀನ್ ಹಿಂದಿನ ಸೀಟಿನಲ್ಲಿ ತನ್ನ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಕೂತಿದ್ದಳು. ಈ ಎಲುಬಿನಲ್ಲಿ ಎಲ್ಲ ಬರೆದಿರುತ್ತದೆಯೇ? ಮದ್ದು ಅರೆದ ದಿನಗಳು, ಬಿದಿರು ಹೊತ್ತ ದಿನಗಳು? ರಾಮದುರ್ಗದ ಒಂದು ಮದುವೆಗೆಂದು ಇದ್ದಿಲು ಕುಟ್ಟುವಾಗ ಎಲ್ಲಿಂದಲೋ ಬಂದ ಕಿಡಿಗೆ ಮೂಲೆಯಲ್ಲಿದ್ದ ಮದ್ದು ಬುಸ್ಸೆಂದು ಎದ್ದು ತೋಳಿಗೆ ತಾಗಿತ್ತು. ಅವ್ವ ಹೋದ ಮರುವರ್ಷ. ಅಬ್ಬಾ ತೋಳಿಗೆ ಲೋಳಸರ ಹಚ್ಚಿ, ಪಕ್ಕದಲ್ಲಿ ಕೂತು ಗಾಳಿ ಊದುತ್ತ ಅತ್ತಿದ್ದ. ಬೆಳಗಾಗುತ್ತಲೇ ಅರಿವೆ ಸುತ್ತಿಕೊಟ್ಟು, ಒಪ್ಪಿಕೊಂಡ ಕೆಲಸ ಐತಿ ಬೇಟಿ, ಅಂದು ಮತ್ತೆ ಎದುರಿಗೆ ಕೂರಿಸಿಕೊಂಡಿದ್ದ. ಎರಡೂ ಅವನೇ ಮಾಡಿದ್ದು, ಅತ್ತದ್ದೂ ಕೂರಿಸಿದ್ದೂ. ಯಾವುದನ್ನು ನೆನೆದಾಗ ಯಾವುದನ್ನು ಮರೆಯಬೇಕೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಮೊದಲು ಕೊರಳೆಲುಬಿನದೊಂದು, ಆಮೇಲೆ ತಣ್ಣನೆಯ ತಟ್ಟೆಯ ಮೇಲೆ ಅಂಗೈ ಇಟ್ಟು ಇನ್ನೊಂದು ಚಿತ್ರ ತೆಗೆದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಕರಿಯ ಹಾಳೆಯಲ್ಲಿ ಅವಳ ಕೈ ಬೆಳ್ಳಗೆ ಕಂಡಿತು, ಚರ್ಮವಿಲ್ಲದೆ, ಸುಟ್ಟ ಕಲೆಯಿಲ್ಲದೆ. ಆಮೇಲೆ ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ಹಿಂದಿನ ಹಲ್ಲು ನೋಡಿದರು. ದವಡೆ ನೋಯುವಷ್ಟು ಹೊತ್ತು ಬಾಯಿ ತೆರೆದುಕೊಂಡಿರುವಾಗ ಅವಳಿಗೆ ದನದ ಸಂತೆಯ ನೆನಪಾಯಿತು, ಕಣ್ಣಲ್ಲಿ ನೀರು ಬಂತು. ಡಾಕ್ಟರು ವಯಸ್ಸಾದವರು, ಈ ಕಡೆಯವರೇ. ಬ್ಯಾಟರಿ ಆರಿಸಿ, ಬಾಗಿಲ ಹೊರಗೆ ನಿಂತಿದ್ದ ಇಬ್ಬರು ಗಂಡಸರತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು. “ಹತ್ತೊಂಬತ್ತು ಅಂದಿದ್ದೀ ಏನವಾ? ಇರ್ಲಿ. ಹದಿನೆಂಟು ದಾಟೇತಿ ಅಂತ ಬರೀತೇನಿ. ಅವರಿಗೆ ಬೇಕಾದ್ದು ಅಷ್ಟ.” ಅವರಿಗೆ ಎಲ್ಲ ತಿಳಿದಿತ್ತು. ತಿಳಿದೂ ಬಿಟ್ಟುಕೊಟ್ಟಿದ್ದರು. ಅವಳು ಕೈಮುಗಿದಳು. ಹೊರಗೆ ಬರುವಾಗ ಕಾಲು ಹಗುರಾಗಬೇಕಿತ್ತು, ಆಗಲಿಲ್ಲ. ಅಂಗಡಿಯವನು ಕಂಡೂ ಕಾಣದಂತೆ ಬಿಟ್ಟ ಸಾಮಾನನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದ ಹಾಗಿತ್ತು. ದಾವಲಸಾಬ ಎಕ್ಸ್‌ರೇಯ ದೊಡ್ಡ ಲಕೋಟೆಯನ್ನು ತಾನೇ ಇಸಿದುಕೊಂಡು, ಮಡಚದ ಹಾಗೆ ಎದೆಗೆ ಒತ್ತಿಕೊಂಡು ಹಿಡಿದ.

ಸಾಹೇಬರು ಡಾಕ್ಟರ ಚೀಟಿ ಓದಿ ತಲೆದೂಗಿದರು. ಪೆನ್ನು ಕೈಗೆ ತೆಗೆದುಕೊಂಡರು. ಎಲ್ಲ ಮುಗಿಯಿತು ಅನ್ನುವ ಹೊತ್ತಿಗೆ ಅವರು ಸುಮ್ಮನೆ, ಮಾತಿಗೆ ಮಾತು ಅನ್ನುವ ಹಾಗೆ, ಕೆಲಸದ ಅನುಭವ ಎಷ್ಟು ಎಂದು ಕೇಳಿದರು. ಅಬ್ಬಾನ ಮುಖ ಅಗಲವಾಯಿತು. ಅವನನ್ನು ಯಾರಾದರೂ ಕಸುಬಿನ ಬಗ್ಗೆ ಕೇಳಿದರೆ ಹಾಗೇ. ಆರು ವರ್ಷದಿಂದ ತಾನೊಬ್ಬಳೇ ಹಚ್ಚುತ್ತಾಳೆ, ಒಂದು ಬತ್ತಿ ಹುಸಿ ಹೋಗಿಲ್ಲ, ನನ್ನಕಿಂತ ಕೈ ಸೂಕ್ಷ್ಮ ಎಂದು ಹೇಳುತ್ತ ಹೋದ. ಸಾಹೇಬರ ಪೆನ್ನು ನಿಂತಿದ್ದು ಅವನಿಗೆ ಕಾಣಲಿಲ್ಲ. ನಿಜಗುಣಪ್ಪ ಬರೆಯುತ್ತಿದ್ದವನು ತಲೆಯೆತ್ತಿದ.

“ಈಗ ಹತ್ತೊಂಬತ್ತು,” ಅಂದರು ಸಾಹೇಬರು. “ಆರು ವರ್ಷದಿಂದ ಹಚ್ಚುತ್ತಿದ್ದಾಳೆ. ಅಂದರೆ ಹದಿಮೂರು ವರ್ಷದ ಹುಡುಗಿ ಕೈಗೆ ಮದ್ದು ಕೊಟ್ಟಿದ್ದೀರ ನೀವು.”

ಪರವಾನಗಿಯ ಮಾತು ಆಮೇಲೆ, ಮೊದಲು ನಿಮ್ಮ ಮೇಲೆ ಕೇಸ್ ಆಗಬೇಕಾಗುತ್ತೆ ಅಂದರು ಸಾಹೇಬರು. ಗದರಿ ಹೇಳಲಿಲ್ಲ. ಅವಳ ತೋಳಿನ ಕಲೆಯ ಮೇಲೆ ಅವರ ಕಣ್ಣು ನಿಂತಿತ್ತು. ಇದೇನಮ್ಮ ಎಂದು ಕೇಳಿದರು, ದನಿ ಬೇರೆಯಾಗಿತ್ತು. ಆ ದನಿಯನ್ನು ಫರೀನ್ ಕೂಡಲೇ ಗುರುತಿಸಿದಳು, ಹಿಂದೆ ಎಂದೂ ಕೇಳಿರದಿದ್ದರೂ. ತೋಳು ಸುಟ್ಟ ಬೆಳಿಗ್ಗೆ ಯಾರಾದರೂ ಆ ದನಿಯಲ್ಲಿ ಕೇಳಿದ್ದರೆ! ಆಗ ಯಾರೂ ಇರಲಿಲ್ಲ. ಈಗ ಇಷ್ಟು ತಡವಾಗಿ, ತಪ್ಪು ಲೆಕ್ಕದ ದಾರಿಯಲ್ಲಿ ಹುಡುಕಿಕೊಂಡು, ಒಬ್ಬರು ಬಂದಿದ್ದರು. ಒಂದು ಕ್ಷಣ ಆ ಮೇಜಿನ ಮೇಲೆ ತಲೆಯಿಟ್ಟು ಹೌದು ಅಂದುಬಿಡಬೇಕು ಅನ್ನಿಸಿತು. ಹೌದ್ರಿ, ಕೊಟ್ಟಾನ, ನಾ ಬ್ಯಾಡ ಅನ್ನಲಿಕ್ಕೂ ಬರದಷ್ಟು ಸಣ್ಣಾಕಿದ್ದೆ. ಹಾಗನ್ನಿಸಿದ್ದಕ್ಕೆ ಅವಳಿಗೇ ಹೆದರಿಕೆಯಾಗಿ ಅಬ್ಬಾನನ್ನು ನೋಡಿದಳು. ಪೊರೆ ಬಂದ ಕಣ್ಣುಗಳು ಸಾಹೇಬರು ಕೂತ ಕಡೆಗಲ್ಲ, ಗೋಡೆಯ ಕಡೆಗೆ ತಿರುಗಿದ್ದವು. ಟಾವೆಲ್ಲು ಹೆಗಲಿನಿಂದ ಜಾರಿ ನೆಲಕ್ಕೆ ಬಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಲಕೋಟೆ ಹಿಡಿದ ದಾವಲಸಾಬ ಏನೋ ಹೇಳಲು ಒಂದು ಹೆಜ್ಜೆ ಮುಂದೆ ಬಂದಿದ್ದ, ನಮ್ಮವರ ಪರವಾಗಿ.

ಫರೀನ್ ಬಗ್ಗಿ ಟಾವೆಲ್ಲು ಎತ್ತಿ ಅಬ್ಬಾನ ಕೈಗಿಟ್ಟಳು.

“ನನಗ ಇಪ್ಪತ್ತಾರ್ರಿ,” ಅಂದಳು. “ಮದ್ದು ಮುಟ್ಟಿದ್ದು ಇಪ್ಪತ್ತು ತುಂಬಿದ ಮ್ಯಾಲ. ಇದು ರೊಟ್ಟಿ ಹಂಚು ತಾಗಿ ಸುಟ್ಟದ್ದ್ರಿ.”

ಸಾಹೇಬರು ಎಕ್ಸ್‌ರೇ ಕೇಳಿದರು. ದಾವಲಸಾಬ ತಂದು ಮೇಜಿನ ಮೇಲಿಟ್ಟ. ಅವರು ಅದನ್ನು ಹೊರಗೆಳೆದು ನೋಡಿದರು, ನೋಡಿದ್ದರಿಂದ ಅವರಿಗೇನೂ ತಿಳಿಯಲಿಲ್ಲ, ಫೋನು ತಿರುಗಿಸಿ ಡಾಕ್ಟರನ್ನು ಕೇಳಿದರು. ಆ ಕಡೆಯಿಂದ ಬಂದ ಮಾತು ಹೊರಗೆ ಕೇಳಿಸಲಿಲ್ಲ, ಸಾಹೇಬರು ಮಾತ್ರ, ಇಪ್ಪತ್ತೈದರ ಮೇಲೇನಾ, ಸರಿ ಸರಿ, ಅಂದು ಇಟ್ಟರು. ಹಾಗಾದರೆ ಹತ್ತೊಂಬತ್ತು ಅಂತ ಯಾಕಮ್ಮ ಹೇಳಿದೆ ಎಂದು ಕೇಳಿದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಲೈಸೆನ್ಸಿಗೆ ವಯಸ್ಸು ಹೆಚ್ಚು ಹೇಳಿದವರನ್ನು ಅವರು ಕಂಡಿದ್ದರು, ಕಡಿಮೆ ಹೇಳಿದವರನ್ನಲ್ಲ. ಫರೀನ್ ಮೇಜಿನ ಅಂಚು ನೋಡುತ್ತ, ಮದಿವಿ ಮಾತು ನಡದೈತ್ರಿ, ಅಲ್ಲೆ ಹತ್ತೊಂಬತ್ತು ಅಂತ ಹೇಳ್ಯಾರ್ರಿ ಅಂದಳು. ನಿಜಗುಣಪ್ಪನಿಗೆ ನಗು ತಡೆಯಲಾಗಲಿಲ್ಲ. ಸಾಹೇಬರೂ ನಕ್ಕರು, ಕೆಟ್ಟದಾಗಿ ಅಲ್ಲ, ಒಂದು ದೊಡ್ಡ ತೊಂದರೆ ತಪ್ಪಿದ ಮನುಷ್ಯ ನಗುವ ಹಾಗೆ. ಅಬ್ಬಾ ಅವರ ನಗುವಿಗೆ ಜೊತೆಯಾಗಿ ತಾನೂ ನಕ್ಕ. ಆ ಕೋಣೆಯಲ್ಲಿ ನಗದೆ ಇದ್ದವರು ಇಬ್ಬರೇ. ಅವಳ ಬೆನ್ನಿಗೆ ನಿಂತಿದ್ದ ದಾವಲಸಾಬ ಯಾವಾಗ ಹೊರಗೆ ಹೋದನೆಂದು ಅವಳು ನೋಡಲಿಲ್ಲ. ಬೆನ್ನಿಗೆ ಗಾಳಿ ತಾಗಿದಾಗ ತಿಳಿಯಿತು.

ಅವನು ಜೀಪಿನ ಗಾಜು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ. ಅಬ್ಬಾ ಹತ್ತಿರ ಹೋಗಿ, ಏನೋ ಹೆಂಗಸರ ಮಾತು ದಾವಲಭಾಯಿ, ಮನಸಿಗೆ ಹಚ್ಚಕೋಬ್ಯಾಡ್ರಿ ಎಂದು ಶುರುಮಾಡಿದ. ದಾವಲಸಾಬ ಅವಳತ್ತ ತಿರುಗಿದ. ಕಣ್ಣಿನ ಮೂಲೆಯ ಗೆರೆಗಳು ಹಾಗೇ ಇದ್ದವು, ನಗು ಮಾತ್ರ ಇರಲಿಲ್ಲ. “ಲಕೋಟಿ ನಾನ ಹೊತ್ತು ತಂದ್ನಲ್ಲವಾ,” ಅಂದ. ಒರೆಸುವ ಅರಿವೆ ಮಡಚಿಕೊಂಡು, “ಮನ್ಯಾಗ ಏನಂತ ಹೇಳ್ಲಿ ನಾ?”

“ಕೇಳಿದ್ದು ಹೇಳ್ರಿ ಚಾಚಾ.”

ಅವನು ತಲೆಯಾಡಿಸಿದ. ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆಂದು ಬೆಳಿಗ್ಗೆ ಅಂದಿದ್ದ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪ ಮಗಳು ಬಿಸಿಲಲ್ಲಿ ನಡೆದುಹೋದರು. ಬಸ್ಸಿನಲ್ಲಿ ಅಬ್ಬಾ, ಇಪ್ಪತ್ತಕ್ಕ ಸುರು ಮಾಡಿದಿ ಅಂತ ಹೇಳಿದೆಲ್ಲ, ಛಲೋ ಹೇಳಿದಿ, ಅಂದ. ಅವಳು ಹೊರಗೆ ನೋಡುತ್ತಿದ್ದಳು. ಆಗ ಅವಳಿಗೆ ಮದುವೆ ತಪ್ಪುವ ನೋವೇ ದೊಡ್ಡದಾಗಿ ಕಂಡಿತ್ತು. ಇನ್ನೊಂದು ತಿಳಿದದ್ದು ಆಮೇಲೆ.

ಪರವಾನಗಿ ಬಂತು. ಅದೇ ವಾರ ಫುಪ್ಪುವೂ ಬಂದಳು, ಹೊಸ್ತಿಲಲ್ಲೇ ಕೂತು ಅತ್ತಳು. ರಾಮದುರ್ಗದವರು ಬೇಡ ಅಂದಿದ್ದರು. ವಯಸ್ಸು ಹೆಚ್ಚೆಂದಲ್ಲ, ಸುಳ್ಳು ಹೇಳಿದ ಮನೆಯ ಹೆಣ್ಣು ಬೇಡವೆಂದು. ಒಂದು ಗಳಿಗೆ ಬಾಯಿಮುಚ್ಚಿ ಕೂತಿದ್ದರೆ ಏನು ಹೋಗುತ್ತಿತ್ತು ನಿನ್ನ ಗಂಟು ಎಂದು ಫುಪ್ಪು ಬೈದಳು. ಅಬ್ಬಾ ಅಡ್ಡ ಬಂದ. ಹಾಂಗನಬ್ಯಾಡ, ನನ್ನ ಮ್ಯಾಲ ಕೇಸ್ ಆಗತಿತ್ತು, ನನ್ನ ಉಳಿಸ್ಯಾಳ, ಇದ್ದದ್ದ ಹೇಳ್ಯಾಳ ಅಂದ. ಇದ್ದದ್ದು. ಕಿತ್ತೂರಿನವರು ಜಾಗ ತೋರಿಸಲು ಕರೆದಾಗಲೂ ಅದೇ ಮಾತು ಹೇಳಿದ. ಹೂಲಿಯಲ್ಲಿ ಕಟ್ಟೆಯ ಮೇಲೆ ಕೂತವರಿಗೂ ಹೇಳಿದ. ಹೇಳಿದಷ್ಟೂ ಮಾತು ಬೆಳೆಯುತ್ತಿತ್ತು: ಇಪ್ಪತ್ತು ತುಂಬುವತನ ಮದ್ದಿನ ಗುಡಿಸಲ ಬಾಗಿಲು ದಾಟಿಸಿಲ್ಲ ನಾ ಆಕಿನ್ನ, ಸಣ್ಣ ಹುಡುಗರ ಕೈಯಾಗ ಅದನ್ನ ಕೊಡಬಾರದು. ಅವನ ಮುಖದಲ್ಲಿ ಕಪಟವಿರಲಿಲ್ಲ, ಅವನು ನಂಬತೊಡಗಿದ್ದ. ಒಳಗೆ ನಳಿಗೆ ಸುತ್ತುತ್ತ ಕೂತ ಫರೀನ್ ಅದನ್ನು ಕೇಳುತ್ತಿದ್ದಳು. ಫುಪ್ಪು ಅವಳಿಂದ ಏಳು ವರ್ಷ ಕಸಿದಿದ್ದಳು, ಅವ್ವನ ಸಮೇತ. ಅದನ್ನು ಮರಳಿ ತರಲು ಹೋಗಿ ಫರೀನ್ ತನ್ನ ಕೈಯಾರೆ ಇನ್ನೊಂದಿಷ್ಟು ವರ್ಷ ಕೊಟ್ಟು ಬಂದಿದ್ದಳು, ಅವ್ವನ ಜಾಗದಲ್ಲಿ ಅಬ್ಬಾನ ಎದುರು ಕುಕ್ಕರಗಾಲಲ್ಲಿ ಕೂತ ವರ್ಷಗಳನ್ನು, ಸುಟ್ಟ ತೋಳನ್ನು. ಆ ಹುಡುಗಿ ಈಗ ಎಲ್ಲಿಯೂ ಇರಲಿಲ್ಲ. ಸಾಹೇಬರು ಒಂದು ಕ್ಷಣ ಅವಳನ್ನು ಕಂಡಿದ್ದರು; ಫರೀನ್ ಅಡ್ಡ ನಿಂತು ಮರೆಮಾಡಿದ್ದಳು.

ಕಿತ್ತೂರಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಕೋಟೆಯ ಮುಂದಿನ ಬಯಲಿನಲ್ಲಿ, ಹೊತ್ತು ಮುಳುಗುತ್ತಲೇ, ಪೊಲೀಸರು ಅವಳ ಹೆಸರು ಕೂಗಿ ಹಗ್ಗದ ಒಳಗೆ ಬಿಟ್ಟರು. ಒಂದು ಬತ್ತಿಯೂ ಹುಸಿ ಹೋಗಲಿಲ್ಲ. ಜನ ಹೋ ಎಂದು ಕೂಗುವಾಗ ಅವಳು ಬಗ್ಗಿಕೊಂಡೇ ಇದ್ದಳು, ಈಗ ಬಗ್ಗುವ ಕಾರಣವಿಲ್ಲದಿದ್ದರೂ. ಸಂತೋಷ ಆಗಬೇಕಾದ ಜಾಗದಲ್ಲಿ ಹೊಗೆಯ ಕಹಿ ಮಾತ್ರ ಇತ್ತು.

ಉತ್ಸವ ಮುಗಿದ ಮೇಲೆ ಒಂದು ಮಧ್ಯಾಹ್ನ ತೌಸೀಫ್ ಬಂದ. ಒಬ್ಬನೇ, ಮೋಟಾರ್‌ಸೈಕಲ್ಲಿನಲ್ಲಿ. ಅಬ್ಬಾ ಗಡಬಡಿಸಿ ಎದ್ದು, ಬರ್ರಿ ಬರ್ರಿ, ಕುಂತ್ರಿ ಎಂದು ಚಾಪೆ ತಾನೇ ಹಾಸಿದ. ಫರೀನ್ ಚಹ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವನು ಕಿತ್ತೂರಿಗೆ ಬಂದಿದ್ದನಂತೆ, ಹಗ್ಗದ ಹೊರಗೆ ನಿಂತು ನೋಡಿದನಂತೆ. ಮ್ಯಾಲ ನೋಡ್ಲಿಲ್ರಿ, ಕೆಳಗ ನೋಡಿದೆ ಅಂದ. ಆಮೇಲೆ ಕಪ್ಪನ್ನು ಬಸಿಯಲ್ಲಿ ತಿರುಗಿಸುತ್ತ, ತಡೆತಡೆದು, ತಾನು ಬಂದ ಕೆಲಸ ಹೇಳಿದ. ಮನೆಯಲ್ಲಿ ಅವನು ಬಹಳ ಜಗಳವಾಡಿದ್ದ. ವಯಸ್ಸಿನದು ತನಗೇನೂ ಇಲ್ಲ ಅಂದಿದ್ದ. ಕೊನೆಗೆ ತಾಯಿ ಒಂದು ಮಾತಿಗೆ ಒಪ್ಪಿದ್ದಳು. “ಹೋಗಿ ಕೇಳು ಅಂದಾಳ್ರಿ ಅಮ್ಮಾ. ಆ ಮನ್ಯಾಗ ಇನ್ನೂ ಏನರೆ ಸುಳ್ಳು ಉಳದೈತೇನು, ಈಗ ಹೇಳಿಬಿಡ್ಲಿ. ಸುಳ್ಳ ಏನೂ ಇಲ್ಲಂದ್ರ ಅಮ್ಮಾ ತಾನ ಬಂದು ಸೊಸೀನ್ನ ಕರಕೊಂಡ ಹೊಕ್ಕಾಳಂತ.”

ಅಬ್ಬಾ ಎದೆ ಮುಟ್ಟಿಕೊಂಡ. ಏನೂ ಇಲ್ಲ, ಅಲ್ಲಾನ ಆಣೆ, ಇನ್ನೊಂದು ಸುಳ್ಳಿಲ್ಲ, ಅದೂ ನನ್ನ ಅಕ್ಕ ಹೇಳಿದ್ದು ಅಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಸಂತೋಷಕ್ಕೆ ಅವನಿಗೆ ಮಾತು ನಿಲ್ಲಲಿಲ್ಲ. ತನ್ನ ಮಗಳನ್ನು ಹೇಗೆ ಜೋಪಾನ ಮಾಡಿದೆನೆಂದು ಹೇಳತೊಡಗಿದ, ಇಪ್ಪತ್ತು ತುಂಬುವವರೆಗೆ ಬಾಗಿಲು ದಾಟಿಸದ ಕಥೆ ಹೇಳಿದ, ಕಟ್ಟೆಯ ಮೇಲೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. ತೌಸೀಫ್ ತಲೆಯಾಡಿಸುತ್ತ ಕೇಳುತ್ತಿದ್ದ, ನಂಬುತ್ತಿದ್ದ, ಅವನ ಚಾಚಾ ನಂಬಿದ್ದ ಹಾಗೆಯೇ. ಫರೀನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸುಮ್ಮನಿದ್ದರೆ ಎಲ್ಲವೂ ಸಿಗುತ್ತದೆ. ಬೇಕಾಗಿದ್ದದ್ದು ಚಾಪೆಯ ಮೇಲೆ ಕೂತಿತ್ತು. ಸುಮ್ಮನಿದ್ದು ತಲೆಯಾಡಿಸುವುದು ಅವಳಿಗೆ ಹೊಸದೂ ಅಲ್ಲ. ಅವಳು ಅಬ್ಬಾನ ಕೈ ನೋಡಿದಳು. ಮಾತಾಡುವಾಗ ಅದು ಗಾಳಿಯಲ್ಲಿ ನಡುಗುತ್ತಿತ್ತು. ಅವನಿಗೆ ನೋವಾಗುತ್ತದೆ ಎಂದು ಗೊತ್ತಿತ್ತು, ಎಷ್ಟು ಎಂದೂ ಗೊತ್ತಿತ್ತು.

“ಇಪ್ಪತ್ತಲ್ರಿ,” ಅಂದಳು ತೌಸೀಫನಿಗೆ. “ಹನ್ನೆರಡು. ಅವ್ವ ಸತ್ತಾಗಿಂದ ಕುಂತೇನಿ ಮದ್ದಿನ ಮುಂದ. ತೋಳು ಸುಟ್ಟದ್ದೂ ಅದರಿಂದನ. ಹೋಗಿ ಇದನ್ನೂ ಹೇಳ್ರಿ.”

ಅಬ್ಬಾನ ಮಾತು ಅರ್ಧಕ್ಕೆ ನಿಂತಿತು. ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿ ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ತೌಸೀಫ್ ಅವಳನ್ನು ನೋಡಿದ, ತೋಳನ್ನು ನೋಡಿದ. ಏಳಲಿಲ್ಲ. ಅಬ್ಬಾ ಸಿಟ್ಟಾಗುತ್ತಾನೆ, ಎದ್ದು ಹೋಗುತ್ತಾನೆ, ಇಲ್ಲವೆ ಅವಳನ್ನು ಸುಳ್ಳುಗಾರಳೆನ್ನುತ್ತಾನೆ ಎಂದುಕೊಂಡು ಫರೀನ್ ಕಾದಳು.

“ಹನ್ನೊಂದು,” ಅಂದ ಅಬ್ಬಾ, ನೆಲ ನೋಡುತ್ತ. “ಹನ್ನೆರಡು ಇನ್ನೂ ತುಂಬಿದ್ದಿಲ್ಲ.”

ಅದು ಅವಳಿಗೂ ಗೊತ್ತಿರಲಿಲ್ಲ. ಅವನು ಅಷ್ಟು ವರ್ಷವೂ ಅದನ್ನು ಎಣಿಸುತ್ತಲೇ ಇದ್ದ.